ಅಟ್ಟದ ಕಿವಿ

ಮೊನ್ನೆ ಸೊಸೆ ಸಾರಿಗೆಂದು ಒಡೆದ ತೆಂಗಿನಕಾಯಿ ಕೊಳೆತಿತ್ತು. ಯಾರ ಮನೆಯಲ್ಲಿ ಕೊಳೆಯುವುದಿಲ್ಲ? ಅವಳು ಮುಖ ಸಿಂಡರಿಸಿಕೊಂಡು ಎರಡು ಹೋಳನ್ನೂ ಹಿತ್ತಲಿಗೆ ಎಸೆದು, ಕೈ ತೊಳೆದು, ಇನ್ನೊಂದು ಕಾಯಿ ತೆಗೆದುಕೊಂಡಳು. ಅಷ್ಟರಲ್ಲಿ ಆ ನಾತ ಹಜಾರಕ್ಕೆ ಬಂದಿತ್ತು. ಹುಳಿ, ಹೆಂಡ, ಒಣಗದ ಬಟ್ಟೆ, ಹಳೆಯ ಎಣ್ಣೆ ಎಲ್ಲ ಸೇರಿ ಗಂಟಲಿನ ಹಿಂದೆ ಹೋಗಿ ಕೂರುವ ನಾತ ಅದು. ನಾನು ಕುರ್ಚಿಯಿಂದ ಎದ್ದು ಬಚ್ಚಲಿಗೆ ಓಡಿದೆ. ಬೆಳಗಿನ ಕಾಫಿಯೆಲ್ಲ ಹೊರಗೆ ಬಂತು. ಮೊಮ್ಮಗಳು ಬೆನ್ನು ಸವರುತ್ತ, "ಪಿತ್ತ ಇರ್ಬೇಕು ಅಜ್ಜಿ, ನಿಂಬೆಹಣ್ಣಿನ ಪಾನಕ ಮಾಡ್ಕೊಡ್ಲಾ?" ಅಂದಳು. ಪಿತ್ತವೂ ಇಲ್ಲ, ಮಣ್ಣೂ ಇಲ್ಲ. ಅರವತ್ತು ವರ್ಷಕ್ಕೂ ಹಿಂದೆ ಕಡೂರಿನಲ್ಲಿ ನಾನು ಮಾಡಿದ ಒಂದು ಕೆಲಸದ ನಾತ ಅದು. ಪಾನಕಕ್ಕೆ ಹೋಗುವಂಥದಲ್ಲ.

ಅಜ್ಜಿಮನೆ ಅಂದ ಕೂಡಲೇ ಜನಕ್ಕೆ ಬಾಯಲ್ಲಿ ಬೆಲ್ಲ ಕರಗುತ್ತದೆ. ಬರೆಯುವವರೆಲ್ಲ ಬರೆದೇ ಬರೆದರು: ಅಜ್ಜಿಯ ಮಡಿಲು, ಅಜ್ಜಿಯ ಕೈತುತ್ತು, ಅಜ್ಜಿ ಹೇಳಿದ ಕತೆ. ಓದುವಾಗ ನನಗೆ ಮೈ ಉರಿಯುತ್ತದೆ. ಅಲ್ಲಾ, ಆ ಮಕ್ಕಳೆಲ್ಲ ದೇವಲೋಕದಿಂದ ಇಳಿದು ಬಂದವೇ? ಅವುಗಳಲ್ಲಿ ಒಂದಾದರೂ ಅಜ್ಜಿಯನ್ನು ಕಂಡು ಹೇಸಿರಲಿಲ್ಲವೇ? ನಾನು ಹೇಸಿದ್ದೆ. ಹೇಸಿ ಸುಮ್ಮನಿದ್ದಿದ್ದರೆ ಇಷ್ಟು ಬರೆಯುವ ಕಷ್ಟವೂ ಇರುತ್ತಿರಲಿಲ್ಲ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು, ಈಗ ಇಲ್ಲವಾಗಿರಬೇಕು. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಸಿಹಿ ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ.

ಅಪ್ಪ ಶಿವಮೊಗ್ಗೆಯಲ್ಲಿ ಅಮಲ್ದಾರರ ಕಚೇರಿಯ ಗುಮಾಸ್ತರು. ಮಹಾರಾಜರ ಕಾಲ. ಬೇಸಿಗೆ ರಜಕ್ಕೆ ಶಾಲೆ ಮುಚ್ಚಿದ ಮರುದಿನವೇ ಅವ್ವ ನನ್ನನ್ನು ರೈಲು ಹತ್ತಿಸಿಕೊಂಡು ತವರಿಗೆ ಹೊರಡುತ್ತಿದ್ದಳು. ತರೀಕೆರೆ ದಾಟಿ, ಬೀರೂರಿನಲ್ಲಿ ಗಾಡಿ ಬದಲಿಸಿ, ಕಡೂರಿನಲ್ಲಿ ಇಳಿಯುವ ಹೊತ್ತಿಗೆ ಮೂಗಿನೊಳಗೆಲ್ಲ ಇದ್ದಿಲ ಪುಡಿ ತುಂಬಿಕೊಂಡಿರುತ್ತಿತ್ತು. ಸ್ಟೇಷನ್ನಿನ ಹೊರಗೆ ಬೇವಿನ ಮರದ ಕೆಳಗೆ ತಾತ ಕಮಾನು ಗಾಡಿ ಕಟ್ಟಿಕೊಂಡು ಕಾಯುತ್ತಿದ್ದ. ಮನೆ ಊರೊಳಗೂ ಅಲ್ಲ, ಹಳ್ಳಿಯಲ್ಲೂ ಅಲ್ಲ. ಊರು ಮುಗಿದ ಮೇಲೆ ಹಳಿಯ ಪಕ್ಕದ ಬಂಡಿದಾರಿಯಲ್ಲಿ ಅರ್ಧ ಮೈಲಿ ಹೋದರೆ ತೆಂಗಿನ ತೋಟದ ಅಂಚಿಗೆ ಒಂಟಿಯಾಗಿ ನಿಂತಿತ್ತು. ಪೇಟೆಯವರು ನಮ್ಮನ್ನು ಹಳ್ಳಿಯವರು ಅನ್ನುತ್ತಿದ್ದರು, ಸಖರಾಯಪಟ್ಟಣದ ಕಡೆಯ ನೆಂಟರು ಪೇಟೆಯವರು ಅನ್ನುತ್ತಿದ್ದರು. ತಾತ ಎರಡಕ್ಕೂ ಮೀಸೆಯಡಿಯಲ್ಲೇ ನಗುತ್ತಿದ್ದ. ಈಗ ಅಲ್ಲಿ ಮನೆಯೂ ಇಲ್ಲ, ತೋಟವೂ ಇಲ್ಲ. ಹಿಂದೊಮ್ಮೆ ಹೋಗಿ ನೋಡಿದೆ. ಲಾರಿಗಳು ನಿಂತಿದ್ದವು, ನೆಲವೆಲ್ಲ ಕರಿ ಎಣ್ಣೆ, ಬಾವಿ ಯಾವ ಮೂಲೆಯಲ್ಲಿತ್ತು ಎಂಬುದು ಕೂಡ ಗೊತ್ತಾಗಲಿಲ್ಲ.

ಆ ಮನೆಯ ಚೆಂದವೆಲ್ಲ ಇದ್ದದ್ದು ಅಟ್ಟದಲ್ಲಿ. ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡುವುದು ಹೋಳು ಮಾಡಿ ಬಿಸಿಲಿಗೆ ಹರವಿ ಅಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಬಿಟ್ಟುಬಿಡಬೇಕು. ಕೆಳಗಿನಿಂದ ಒಲೆಯ ಹೊಗೆ, ಮೇಲಿನಿಂದ ಹೆಂಚಿನ ಕಾವು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಬೇಕಾದರೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಅಂದರೆ ಉಂಡೆ ಒಳಗೆ ಉರುಳುತ್ತಿದೆ, ಕೆಳಗೆ ಇಳಿಸಬಹುದು. ಗುಳುಕ್ ಅಂದರೆ ಇನ್ನೂ ನೀರಿದೆ, ವಾಪಸು ರಾಶಿಗೆ. ಅವಸರಪಟ್ಟು ನೀರಿರುವ ಕಾಯಿ ಸುಲಿದು ಒಡೆದಿರೋ, ಎಷ್ಟೋ ಸಲ ಚಿಪ್ಪಿನೊಳಗೇ ಕೊಳೆತಿರುತ್ತದೆ, ಮನೆಯೆಲ್ಲ ನಾರುತ್ತದೆ. ಹೆಂಚಿನ ನಡುವೆ ಕೂರಿಸಿದ್ದ ಗಾಜಿನ ಬಿಲ್ಲೆಗಳಿಂದ ಬಿಸಿಲು ಕೋಲುಕೋಲಾಗಿ ಆ ರಾಶಿಗಳ ಮೇಲೆ ಇಳಿಯುತ್ತಿತ್ತು. ಹೊಗೆಗೆ ಕಂದಿದ ಸಾವಿರಾರು ಕಾಯಿಗಳ ನಡುವೆ ನಾನು ಮೊಣಕಾಲು ಮಡಿಸಿ ಕೂತು ಪೂನಾ ಕಡೆಯ ಮೇಲ್ ಗಾಡಿಗಾಗಿ ಕಾಯುತ್ತಿದ್ದೆ. ಗಾಡಿ ಬಂದರೆ ಮನೆಯೇ ಅದುರಿ ಒಣಗಿದ ಕಾಯಿಗಳೆಲ್ಲ ಒಟ್ಟಿಗೆ ಲೊಟಗುಟ್ಟುತ್ತಿದ್ದವು. ಇಡೀ ಅಟ್ಟ ನಗುತ್ತಿದೆ ಅನ್ನಿಸುತ್ತಿತ್ತು, ನಾನೂ ಜೊತೆಗೆ ನಗುತ್ತಿದ್ದೆ. ಅಂಥ ಸುಖ ಆಮೇಲೆ ನನಗೆ ಯಾವ ಅರಮನೆ ನೋಡಿದರೂ ಸಿಕ್ಕಲಿಲ್ಲ.

ಅಟ್ಟದ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಅದು ಸುಮ್ಮನೆ ಬಂದದ್ದಲ್ಲ. ಆ ಮನೆಯಲ್ಲೊಂದು ಕಟ್ಟಳೆಯಿತ್ತು: ಕಾಯಿಯ ಸದ್ದು ತಿಳಿದವಳಿಗೇ ಅಟ್ಟ, ಅಟ್ಟ ಯಾರದೋ ಅವಳದೇ ಮನೆ. ಅಜ್ಜಿ ಹೊಸ ಸೊಸೆಯಾಗಿ ಬಂದಾಗ ಅವಳ ಅತ್ತೆ ಹತ್ತು ಕಾಯಿ ಮುಂದಿಟ್ಟು ಪರೀಕ್ಷೆ ಮಾಡಿದ್ದಳಂತೆ. ಹತ್ತಕ್ಕೆ ಹತ್ತೂ ಸರಿಯಾಗಿ ಹೇಳಿದ ದಿನವೇ ಆ ಮುದುಕಿ ಬೀಗದ ಕೈ ಬಿಚ್ಚಿ ಕೊಟ್ಟು ಮೂಲೆಯ ಚಾಪೆಗೆ ಹೋದಳಂತೆ. ಅಲ್ಲಿಂದ ಅಜ್ಜಿ ಹೇಳಿದ್ದೇ ಮನೆಯಲ್ಲಿ ನಡೆಯಬೇಕು. ತಾತ ಕೂಡ ಒಂದು ಕಾಯಿ ಬೇಕಾದರೆ ಏಣಿಯ ಕೆಳಗೆ ನಿಂತು ಕೇಳುತ್ತಿದ್ದ. ಅಜ್ಜಿ ಓದು ಬರಹ ಕಂಡವಳಲ್ಲ, ಚೆಲುವೆಯಲ್ಲ, ಮಾತೂ ಒರಟು. ಅವಳಿಗಿದ್ದ ಮರ್ಯಾದೆಯೆಲ್ಲ ಆ ಎರಡು ಕಿವಿಯಲ್ಲಿತ್ತು.

ಆ ಕಿವಿ ಹೋಗಿತ್ತು. ಅದು ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನನಗೆ ಎಂಟು ವರ್ಷ, ಆ ಬೇಸಿಗೆಯಲ್ಲಿ ಅಟ್ಟದಲ್ಲಿ ಅವಳ ಪಕ್ಕ ಕೂತಿದ್ದೆ. ಅಜ್ಜಿ ಒಂದು ಕಾಯಿ ಎತ್ತಿ ಅಲ್ಲಾಡಿಸಿ, "ಒಣಗೈತೆ" ಅಂದು ಬುಟ್ಟಿಗೆ ಹಾಕಿದಳು. ನೀರಿನ ಸದ್ದು ನನಗೆ ಚೆನ್ನಾಗಿ ಕೇಳಿತ್ತು. "ಅಜ್ಜೀ, ಅದ್ರಲ್ಲಿ ನೀರೈತಲ್ಲ!" ಅಂತ ಕೂಗಿದೆ. ಅವಳು ಥಟ್ಟನೆ ನನ್ನ ಬಾಯಿ ಮುಚ್ಚಿದಳು. ಕೈ ಒರಟಾಗಿತ್ತು. ಕೆಳಗೆ ತಾತನ ಕೆಮ್ಮು ದೂರವಾಗುವವರೆಗೂ ಹಾಗೇ ಹಿಡಿದಿದ್ದಳು. ಆಮೇಲೆ ಹೇಳಿದಳು. ಹಿಂದಿನ ಮಳೆಗಾಲದ ಜ್ವರದಲ್ಲಿ ಕಿವಿ ಮಂದವಾಗಿತ್ತಂತೆ. ಗಟ್ಟಿಯಾಗಿ ಮಾತಾಡಿದರೆ ಕೇಳುತ್ತದೆ, ಬಾಯಿ ನೋಡಿ ಅರ್ಧ ತಿಳಿದುಕೊಳ್ಳುತ್ತಾಳೆ, ತಿಳಿಯದ್ದಕ್ಕೆ ಮುಖ ಗಂಟು ಹಾಕಿ ಸುಮ್ಮನಿರುತ್ತಾಳೆ. ಮನೆಯವರು ಅದನ್ನು ಗತ್ತು ಅಂದುಕೊಂಡಿದ್ದರು. ಕಾಯಿಯ ಒಳಗಿನ ಸಣ್ಣ ಸದ್ದು ಮಾತ್ರ ಪೂರಾ ಹೋಗಿತ್ತು. ಕೈಯ ತೂಕದ ಮೇಲೆ ನಡೆಸುತ್ತಿದ್ದಳು. ಆದರೆ ಸಿಪ್ಪೆ ದಪ್ಪವಿದ್ದರೆ ಒಣಗಿದ್ದೂ ಭಾರವಿರುತ್ತದೆ, ತೂಕ ಒಂದೇ ಸಾಲದು.

"ಯಾರ್ಗೂ ಹೇಳ್ಬೇಡ ಕಣವ್ವ ಪುಟ್ಟಿ," ಅಂದಳು. "ಕಿವಿ ಹೋಯ್ತು ಅಂತ ಗೊತ್ತಾದ್ರೆ ಬೀಗದ ಕೈನೂ ಹೋಯ್ತು. ಆಮೇಲೆ ನಾನೂ ನಮ್ಮತ್ತೆ ಥರ ಮೂಲೆ ಚಾಪೆನೇ."

ಅಂದಿನಿಂದ ನಾನು ಅವಳ ಕಿವಿಯಾದೆ. ಅವಳು ಕಾಯಿ ಅಲ್ಲಾಡಿಸುವುದು, ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದು. ಒಣಗಿದ್ದರೆ ಅವಳ ಮೊಣಕಾಲಿಗೆ ಒಂದು ಸಲ ಚಿವುಟಬೇಕು, ನೀರಿದ್ದರೆ ಎರಡು ಸಲ. ತಾತನೋ ಮಾವನೋ ಏಣಿಯ ಮೇಲೆ ತಲೆ ತೂರಿಸಿ ಬುಟ್ಟಿ ಇಳಿಸಿಕೊಳ್ಳುತ್ತಿದ್ದರೂ ನಮ್ಮ ವ್ಯವಹಾರ ತಿಳಿಯುತ್ತಿರಲಿಲ್ಲ. ಹೊರಟ ದಿನ ಅಜ್ಜಿ ನನ್ನ ಗಲ್ಲ ಹಿಂಡಿ, "ನನ್ ಕಿವಿ ಶಿವಮೊಗ್ಗಕ್ಕೆ ಹೊಂಟೋಯ್ತದಲ್ಲಪ್ಪ" ಅಂದಳು. ಅವ್ವ ಅದನ್ನು ಮುದ್ದಿನ ಮಾತು ಅಂದುಕೊಂಡು ನಕ್ಕಳು. ನಾನು ಮುಂದಿನ ರಜಕ್ಕೆ ಬರುವವರೆಗೂ ಅಜ್ಜಿ ಅಟ್ಟದ ಕಾಯಿ ಇಳಿಸದೆ ಏನೇನೋ ನೆವ ಹೇಳಿ ತಡೆದಿದ್ದಳು. ಹತ್ತು ತಿಂಗಳು ಒಬ್ಬಳು ಹುಡುಗಿಗಾಗಿ ಕಾದಿದ್ದಳು.

ಇನ್ನು ಅವಳ ಹೊಲಸು. ಹೇಳದೆ ಬಿಟ್ಟರೆ ನನ್ನ ಪಾಪ ನಿಮಗೆ ಅರ್ಥವಾಗುವುದಿಲ್ಲ. ಅಜ್ಜಿ ಎಲೆ ಅಡಿಕೆಗೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕಿ ಅಗಿಯುತ್ತಿದ್ದಳು. ಹಲ್ಲೆಲ್ಲ ಹುಣಿಸೆ ಬೀಜದ ಬಣ್ಣ. ಮಾತಾಡಿದರೆ ಕೆಂಪು ತುಂತುರು. ತಲೆಯ ಹೇನನ್ನು ಎರಡು ಉಗುರಿನ ನಡುವೆ ಚಟ್ ಅನ್ನಿಸಿ ಉಗುರನ್ನು ಸೆರಗಿಗೆ ಒರೆಸುತ್ತಿದ್ದಳು, ಅದೇ ಸೆರಗಿನಲ್ಲಿ ನನ್ನ ಮೂಗು ಒರೆಸುತ್ತಿದ್ದಳು. ಎಲ್ಲಕ್ಕಿಂತ ಮಿಗಿಲಾದದ್ದು ಕೊಬ್ಬರಿ. ನನ್ನ ಹಲ್ಲು ಬಿದ್ದು ಹುಟ್ಟುವ ಕಾಲ, ಕೊಬ್ಬರಿ ಕಡಿಯಲು ಆಗುತ್ತಿರಲಿಲ್ಲ. ಅಜ್ಜಿ ಬಾಯಿ ಮುಕ್ಕಳಿಸಿ, ಕೊಬ್ಬರಿ ಚೂರಿಗೆ ಬೆಲ್ಲ ಸೇರಿಸಿ ತಾನೇ ಅಗಿದು ಮೆತ್ತಗೆ ಮಾಡಿ, ಬೆರಳಿಂದ ತೆಗೆದು ನನ್ನ ಬಾಯಿಗೆ ಇಡುತ್ತಿದ್ದಳು. ಬೆಚ್ಚಗೆ, ಸಿಹಿಯಾಗಿ, ಕಡ್ಡಿಪುಡಿಯ ಘಾಟು ಒಂಚೂರು ಸೇರಿ. ಈಗ ಹೇಳಿದರೆ ಕೇಳಿದವರು ಮುಖ ತಿರುಗಿಸುತ್ತಾರೆ. ಆಗ ಅದಕ್ಕಿಂತ ರುಚಿಯಾದದ್ದು ಜಗತ್ತಿನಲ್ಲಿ ಇರಲಿಲ್ಲ. ಹಕ್ಕಿಮರಿಯ ಹಾಗೆ ಬಾಯಿ ತೆರೆದುಕೊಂಡು ಅವಳ ಹಿಂದೆ ಹಿಂದೆ ತಿರುಗುತ್ತಿದ್ದೆ.

ನನಗೆ ಒಂಬತ್ತು ತುಂಬಿದ ಬೇಸಿಗೆಗೆ ಮಾವನ ಮದುವೆಯಾಗಿ ಮನೆಗೆ ಅತ್ತೆ ಬಂದಿದ್ದಳು, ತರೀಕೆರೆ ಪೇಟೆಯವಳು. ಅಬ್ಬಾ, ಎಷ್ಟು ಶುಚಿ! ದಿನಾ ಗಂಧದ ಸೋಪಿನಲ್ಲಿ ಸ್ನಾನ. ಆ ಸೋಪನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಅವಳು ನಡೆದು ಹೋದ ಮೇಲೂ ಹಜಾರದಲ್ಲಿ ಪರಿಮಳ ನಿಂತಿರುತ್ತಿತ್ತು. ನಾನು ಅವಳ ಸೆರಗು ಹಿಡಿದುಕೊಂಡೇ ಇದ್ದೆ. ಅವಳು ಅಟ್ಟದ ಮೇಲೆ ಕಣ್ಣಿಟ್ಟಿದ್ದಳೇ? ಇಟ್ಟಿರಬಹುದು, ಯಾವ ಸೊಸೆ ಇಡುವುದಿಲ್ಲ? "ಅತ್ತೆಮ್ಮ, ನಂಗೂ ಕಾಯಿ ನೋಡೋದು ಕಲಿಸ್ಕೊಡಿ" ಅಂತ ಎರಡು ಮೂರು ಸಲ ಕೇಳಿದ್ದಳು. ಅಜ್ಜಿ ಕೇಳಿಸಿಕೊಂಡೇ ಇಲ್ಲ ಅನ್ನುವಂತೆ ಎದ್ದು ಹೋಗಿದ್ದಳು. ನಿಜವಾಗಿಯೂ ಕೇಳಿಸಿರಲಿಲ್ಲವೋ ಏನೋ. ತಾತ ಮಾತ್ರ ಎಲ್ಲರ ಮುಂದೆ, "ಅವಳ ಕಿವಿ ಇರೋಗಂಟ ಅವಳದು ಕಣಮ್ಮ. ಆಮೇಲೆ ಹೆಂಗೂ ನಿಂದೇ" ಅಂದಿದ್ದ. ಐವತ್ತು ವರ್ಷ ನಾನು ಎಲ್ಲ ತಪ್ಪನ್ನೂ ಈ ಅತ್ತೆಯ ಮೇಲೆ ಹೊರಿಸಿಕೊಂಡು ಬದುಕಿದೆ. ಅವಳು ಸತ್ತ ಮೇಲೆ ಹೊರಿಸಲು ಯಾರೂ ಉಳಿಯಲಿಲ್ಲ.

ಆ ವರ್ಷ ಅವ್ವನ ತಂಗಿ, ನನ್ನ ಚಿಕ್ಕವ್ವನಿಗೆ ಅಜ್ಜಂಪುರದ ಗಂಡು ಗೊತ್ತಾಗಿತ್ತು. ವೀಳ್ಯಶಾಸ್ತ್ರಕ್ಕೆ ಬೀಗರು ಬರುವವರಿದ್ದರು. ಎರಡು ದಿನ ಮುಂಚೆ ಮಧ್ಯಾಹ್ನ ಜಗಲಿಯಲ್ಲಿ ಅತ್ತೆ ನನಗೆ ಜಡೆ ಹೆಣೆಯುತ್ತಿದ್ದಳು. ಸೋಪಿನ ಕೈ ಕುತ್ತಿಗೆಗೆ ತಾಗಿ ನನಗೆ ಕಣ್ಣು ಮುಚ್ಚಿ ಬರುತ್ತಿತ್ತು. ಒಂದು ಜಡೆ ಮುಗಿದು ಇನ್ನೊಂದು ಅರ್ಧಕ್ಕೆ ಬಂದಿತ್ತು. ಆಗ ಅಜ್ಜಿ ಹಿತ್ತಲ ಕಡೆಯಿಂದ ಕೆನ್ನೆ ಉಬ್ಬಿಸಿಕೊಂಡು ಬಂದಳು, ಬಾಯಿಂದ ಮುದ್ದೆ ತೆಗೆದಳು, ನನ್ನ ಮುಂದೆ ಹಿಡಿದಳು. ನಾನು ಅಭ್ಯಾಸದಂತೆ ಬಾಯಿ ತೆರೆದೆ. ಅಜ್ಜಿ ಇಟ್ಟಳು. ನಾನು ಚಪ್ಪರಿಸಿದೆ.

ಅತ್ತೆಯ ಕೈ ಜಡೆ ಬಿಟ್ಟಿತು. "ಥೂ! ಎಂಜ್ಲು!" ಅಂದಳು. "ದೊಡ್ಡೋಳಾಗಿದೀಯ, ಸ್ಕೂಲಿಗೆ ಬೇರೆ ಹೋಗ್ತೀಯ, ಮುದುಕೀರ ಬಾಯಿಂದ್ ತೆಗ್ದಿದ್ದು ತಿಂತೀಯೇನೇ? ಏಳು, ಏಳು, ಬಾಯಿ ತೊಳ್ಕೊಂಡು ಬಾ. ಅಲ್ಲೀಗಂಟ ನನ್ನ ಮುಟ್ಬೇಡ."

ಜಗಲಿಯಲ್ಲಿ ತಾತ ಇದ್ದ, ಮಾವ ಇದ್ದ, ಚಿಕ್ಕವ್ವ ಇದ್ದಳು. ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ಮನೆಯ ನಗು. ಆದರೆ ನನಗೆ ಕಿವಿಯವರೆಗೂ ಬಿಸಿಯೇರಿತು. ಅಜ್ಜಿಯ ಕಾಲ ಬುಡದಲ್ಲೇ ಥೂ ಅಂತ ಉಗಿದೆ. "ಗಲೀಜು ಮುದುಕಿ" ಅಂದೆ. ಅದು ಅವಳಿಗೆ ಕೇಳಲಿಲ್ಲ, ಉಗಿದದ್ದು ಕಾಣಿಸಿತು. ಒಂದು ಗಳಿಗೆ ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ಬಗ್ಗಿ ನೆಲದ ಮೇಲಿನದನ್ನು ಎತ್ತಿಕೊಂಡು ಹೋಗಿ ದನದ ಕಲಗಚ್ಚಿನ ಬಾನಿಗೆ ಹಾಕಿದಳು. ನಾನು ಮೂರು ಸಲ ಬಾಯಿ ಮುಕ್ಕಳಿಸಿ ಬಂದೆ. ಅಷ್ಟರಲ್ಲಿ ಅತ್ತೆ ಎದ್ದು ಒಳಗೆ ಹೋಗಿಯಾಗಿತ್ತು. ಸಂಜೆಯವರೆಗೂ ಒಂದು ಜಡೆ, ಒಂದು ಕೆದರಿದ ಕೂದಲು ಇಟ್ಟುಕೊಂಡು ಅಜ್ಜಿಯ ಮೇಲೆ ಹಲ್ಲು ಕಡಿಯುತ್ತ ತಿರುಗಿದೆ.

ಮರುದಿನ ಬೆಳಿಗ್ಗೆ ಅಜ್ಜಿ ಏಣಿಯ ಹತ್ತಿರ ನಿಂತು ನನ್ನನ್ನು ಕರೆದಳು. ಶಾಸ್ತ್ರಕ್ಕೆ ಐದು ಕಾಯಿ ಆರಿಸಬೇಕಿತ್ತು. ಅದು ಆ ಮನೆಯ ಪದ್ಧತಿ: ಬೀಗರ ಎದುರಿಗೇ ಮನೆಯ ಹಿರಿಯಳು ಸಿಪ್ಪೆ ಸುಲಿದ ಐದು ಕಾಯಿಯ ಚಿಪ್ಪು ಒಡೆದು, ಕೊಬ್ಬರಿ ಉಂಡೆ ಮುರಿಯದ ಹಾಗೆ ಬಿಡಿಸಿ, ಗಂಡಿನ ತಾಯಿಯ ಮಡಿಲಿಗೆ ಹಾಕಬೇಕು. ಉಂಡೆ ಇಡಿಯಾಗಿ ಬಂದರೆ ಹೆಣ್ಣಿನ ಬಾಳೂ ಇಡಿಯಾಗಿರುತ್ತದೆ ಅಂತ. ಅಟ್ಟದಲ್ಲಿ ನಾವಿಬ್ಬರೇ. ಅಜ್ಜಿ ಹಿಂದಿನ ದಿನದ ಮಾತನ್ನೇ ತೆಗೆಯಲಿಲ್ಲ. ಮೊದಲ ನಾಲ್ಕು ಕಾಯಿ ಸುಲಭವಾಗಿ ಸಿಕ್ಕವು, ಲೊಟಲೊಟ ಅಂದವು, ಒಂದೊಂದು ಸಲ ಚಿವುಟಿದೆ. ಐದನೆಯದು ದಪ್ಪ ಕಾಯಿ. ಅವಳು ಅಲ್ಲಾಡಿಸಿದಳು. ಗುಳುಕ್ ಅಂದಿತು. ಕೊಡದಲ್ಲಿ ನೀರು ಅಲುಗಿದಷ್ಟು ಸ್ಪಷ್ಟವಾಗಿ ಅಂದಿತು.

ಬಗ್ಗಿದ ಅವಳ ಬಾಯಿಂದ ಕಡ್ಡಿಪುಡಿಯ ಘಾಟು ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಒಂದು ಸಲ ಚಿವುಟಿದೆ.

ಅಜ್ಜಿ ಕಾಯನ್ನು ಬುಟ್ಟಿಗೆ ಹಾಕಲಿಲ್ಲ. ಅಂಗೈಯಲ್ಲಿ ಮೇಲಕ್ಕೆ ಕೆಳಕ್ಕೆ ಆಡಿಸಿದಳು. "ಭಾರ ಐತಲ್ಲ ಮಗಾ? ಇನ್ನೊಂದ್ ಸಲ ನೋಡು" ಅಂದು ಮತ್ತೆ ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು. ಮತ್ತೆ ಗುಳುಕ್. ಅವಳ ಕಣ್ಣು ನನ್ನ ಮುಖದ ಮೇಲಿತ್ತು. ನಾನು ಇನ್ನೂ ಜೋರಾಗಿ, ಉಗುರು ಊರುವಂತೆ, ಒಂದೇ ಸಲ ಚಿವುಟಿದೆ.

"ನೀನೇಳಿದ್ಮೇಲೆ ಮುಗೀತು," ಅಂದಳು. ಬುಟ್ಟಿಗೆ ಹಾಕಿದಳು.

ಮಕ್ಕಳಿಗೆ ಏನು ಗೊತ್ತಾಗುತ್ತದೆ ಅನ್ನಬೇಡಿ. ನನಗೆ ಎಲ್ಲ ಗೊತ್ತಿತ್ತು. ಕಾಯಿ ಕೊಳೆತು ಹೊರಬರುತ್ತದೆ, ಅವಳಿಗೆ ಅವಮಾನವಾಗುತ್ತದೆ, ನಾನು ಒಳಗೊಳಗೇ ನಗುತ್ತೇನೆ ಅಂತಲೇ ಮಾಡಿದೆ. ಬೀಗದ ಕೈ ಹೋಗುತ್ತದೆ ಎಂಬುದು ತಿಳಿದಿತ್ತೇ ಅಂದರೆ ತಿಳಿದಿತ್ತು. ಅವಳೇ ಹೇಳಿದ್ದಳಲ್ಲ, ನನ್ನ ಬಾಯಿ ಮುಚ್ಚಿ ಹಿಡಿದುಕೊಂಡು. ಇಷ್ಟು ವಯಸ್ಸಾದ ಮೇಲೆ ನನಗೆ ಅಸಹ್ಯವಾಗುವುದು ಆ ಚಿವುಟಿದ ಬೆರಳು ಕಂಡರೆ.

ಅಜ್ಜಂಪುರದವರು ಹತ್ತು ಜನ ಬಂದರು. ಜಮಖಾನ ಹಾಸಿತ್ತು, ಒಳಗಿನಿಂದ ಒಬ್ಬಟ್ಟಿನ ತುಪ್ಪದ ಘಮ ಬರುತ್ತಿತ್ತು. ಅಜ್ಜಿ ಇಳಕಲ್ ಸೀರೆ ಉಟ್ಟು, ಹಲ್ಲಿಗೆ ಇದ್ದಿಲ ಪುಡಿ ತಿಕ್ಕಿ, ಮಂಡಿಯೂರಿ ಕೂತಿದ್ದಳು. ಒಂದನೆಯ ಕಾಯಿ, ಕತ್ತಿಯ ಬೆನ್ನಿಂದ ಮೂರು ಏಟು, ಚಿಪ್ಪು ಹೂವಿನಂತೆ ಬಿಚ್ಚಿಕೊಂಡು ಇಡಿಯಾದ ಉಂಡೆ ಹೊರಗೆ ಬಂತು. ಎರಡು, ಮೂರು, ನಾಲ್ಕು. ಗಂಡಿನ ತಾಯಿ ರೇಷ್ಮೆ ಸೆರಗು ಹಾಸಿ ಒಂದೊಂದನ್ನೂ ಇಸಕೊಳ್ಳುತ್ತಿದ್ದರು. "ಏನ್ ಕೈ ಕಣಮ್ಮ ನಿಮ್ದು" ಅಂತ ಹೊಗಳಿದರು. ಐದನೆಯದಕ್ಕೆ ಏಟು ಬಿದ್ದದ್ದೇ ತಡ, ಬುಳಕ್ಕನೆ ಹಳದಿ ನೀರು ಚಿಮ್ಮಿತು. ಆ ಹೆಂಗಸಿನ ರೇಷ್ಮೆಯ ಮೇಲೆ, ಉಳಿದ ನಾಲ್ಕು ಉಂಡೆಯ ಮೇಲೆ, ಅಜ್ಜಿಯ ಮುಖದ ಮೇಲೆ. ಆ ನಾತ! ತಿರುಳು ಲೋಳೆಲೋಳೆಯಾಗಿ ಜಮಖಾನದ ಮೇಲೆ ಬಿತ್ತು. ಬಂದವರೆಲ್ಲ ಮೂಗಿಗೆ ಬಟ್ಟೆ ಹಿಡಿದರು. ನಾನು ಕಂಬದ ಹತ್ತಿರ ಅತ್ತೆಯ ಪಕ್ಕ ನಿಂತಿದ್ದೆ, ನಾನೂ ಮೂಗು ಮುಚ್ಚಿಕೊಂಡೆ.

ಗಂಡಿನ ತಾಯಿ ದೊಡ್ಡ ಮನಸ್ಸಿನವರು. "ಹೋಗ್ಲಿ ಬಿಡಿ ಕಣ್ರೀ, ಕಾಯಿ ಕೆಟ್ರೆ ದೃಷ್ಟಿ ಕಳೀತು ಅಂತಾರೆ" ಅಂದು ಸೆರಗು ಒರೆಸಿಕೊಳ್ಳಲು ಎದ್ದರು. ಮದುವೆ ಮುಂದೆ ಚೆನ್ನಾಗಿಯೇ ಆಯಿತು, ಚಿಕ್ಕವ್ವ ಮೊಮ್ಮಕ್ಕಳನ್ನು ಕಂಡೇ ಹೋದಳು. ಆದರೆ ತಾತನಿಗೆ ತಲೆ ಎತ್ತಲಾಗಲಿಲ್ಲ. ಬೀಗರು ಹಿತ್ತಲಿಗೆ ಹೋದ ಮೇಲೆ ಅಜ್ಜಿಯ ಮುಂದೆ ನಿಂತು, "ಕಿವಿ ಎಲ್ಲಿಟ್ಟಿದ್ದೆ ನೀನು?" ಅಂದ. ಅಜ್ಜಿ ಮುಖದ ಕೊಳಕು ನೀರನ್ನು ಒರೆಸಿಕೊಳ್ಳುತ್ತಿದ್ದಳು, ಅವನ ಬಾಯಿ ನೋಡಿರಲಿಲ್ಲ. ಒರೆಸಿಕೊಳ್ಳುತ್ತಲೇ ಇದ್ದಳು. ತಾತನ ಮುಖ ಬದಲಾಯಿತು. ಏನೋ ಹೊಳೆದಿರಬೇಕು. ಮೂಲೆಯ ಬುಟ್ಟಿಯಿಂದ ಒಂದು ಒಣಗಿದ ಕಾಯಿ ತಂದು, ಅವಳ ಬೆನ್ನ ಹಿಂದೆ ನಿಂತು, ಕಿವಿಗೆ ಗೇಣು ದೂರದಲ್ಲಿ ಲೊಟಲೊಟ ಅಲ್ಲಾಡಿಸಿದ. ಅಜ್ಜಿ ತಿರುಗಲಿಲ್ಲ. ಸೀರೆಯ ನೆರಿಗೆ ಕೊಡವುತ್ತಿದ್ದಳು. ತಾತ ಅಲ್ಲಾಡಿಸುತ್ತಲೇ ಇದ್ದ. ನಮಗೆಲ್ಲ ಕೇಳುತ್ತಿತ್ತು. ಮಾವ ತಲೆ ತಗ್ಗಿಸಿದ, ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಮ್ಮ ಮುಖಗಳನ್ನು ನೋಡಿ ಅಜ್ಜಿ ಮೆಲ್ಲಗೆ ಹಿಂದೆ ತಿರುಗಿದಳು, ಕಾಯಿ ಕಂಡಳು.

"ಯಾವಾಗ್ನಿಂದ?" ಅಂದ ತಾತ, ಗಟ್ಟಿಯಾಗಿ.

 ಅಜ್ಜಿಯ ಕಣ್ಣು ಕಂಬದ ಹತ್ತಿರ ಬಂದು ನನ್ನ ಮೇಲೆ ನಿಂತಿತು. ಸಿಟ್ಟಿರಲಿಲ್ಲ. ಅದನ್ನು ಏನನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. "ಕೈ ಭಾರ ಅಂತು," ಅಂದಳು. "ಕಿವಿ ಒಣಗೈತೆ ಅಂತು. ನಾನು ಕಿವಿನೇ ನಂಬ್ದೆ. ನನ್ ಕಿವಿನೇ ನಂಗೆ ಮೋಸ ಮಾಡ್ತು."

ಎಲ್ಲರೂ ಅವಳ ಕಿವಿಯ ಮಾತು ಅಂದುಕೊಂಡರು. ನಾನು ಕಂಬ ಹಿಡಿದುಕೊಂಡೆ. ಈಗ ಹೇಳಿಬಿಡಬಹುದಿತ್ತು. ಅವಳ ತಪ್ಪಲ್ಲ, ನಾನೇ ಸುಳ್ಳು ಚಿವುಟಿದೆ ಅಂದರೆ ಕಿವಿ ಹೋದದ್ದು ಬಚ್ಚಿಡಲಾಗುತ್ತಿರಲಿಲ್ಲ, ನಿಜ. ಆದರೆ ಇಷ್ಟು ದಿನ ಒಂದು ಕಾಯಿಯೂ ತಪ್ಪಿರಲಿಲ್ಲ ಎಂಬ ಹೆಸರಾದರೂ ಉಳಿಯುತ್ತಿತ್ತು. ನಾನು ಹೇಳಲಿಲ್ಲ. ಅಜ್ಜಿ ಸೊಂಟದ ದಾರ ಬಿಚ್ಚಿ ಬೀಗದ ಕೈ ತೆಗೆದು, ಸೀರೆಯಲ್ಲಿ ಚೆನ್ನಾಗಿ ಒರೆಸಿ, ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಅಳುತ್ತಿದ್ದಳು. ಅಂದು ಸಂಜೆ ಅವಳೇ ಗಂಧದ ಸೋಪು ಹಚ್ಚಿ ನನ್ನ ಕೈ ಮುಖ ತೊಳೆಸಿದಳು. ಎಷ್ಟು ತಿಕ್ಕಿದರೂ ಆ ನಾತ ಹೋಗಲಿಲ್ಲ, ನನಗೆ ಒಂದು ಹನಿಯೂ ಸಿಡಿದಿರಲಿಲ್ಲವಾದರೂ.

ಮುಂದಿನ ಬೇಸಿಗೆಗೆ ಹೋದಾಗ ಅಜ್ಜಿ ಕೊಟ್ಟಿಗೆಯ ಗೋಡೆಗೆ ಗರಿ ಇಳಿಸಿ ಮಾಡಿದ ಚಾಚುಮಾಡಿನಲ್ಲಿದ್ದಳು. ಯಾರೂ ಅವಳನ್ನು ಅಲ್ಲಿಗೆ ಹೋಗು ಅಂದಿರಲಿಲ್ಲ, ತಾನಾಗಿ ಚಾಪೆ ಎತ್ತಿಕೊಂಡು ಹೋಗಿದ್ದಳು. ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಿದ್ದರು, ಹಬ್ಬಕ್ಕೆ ಸೀರೆ ಕೊಡುತ್ತಿದ್ದರು. ಯಾರೂ ಅವಳನ್ನು ಯಾವುದನ್ನೂ ಕೇಳುತ್ತಿರಲಿಲ್ಲ ಅಷ್ಟೆ. ಅವಳು ದಿನವೆಲ್ಲ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದಳು. ಎಲೆ ಅಡಿಕೆ ಬಿಟ್ಟಿದ್ದಳು. ನಾನು ಹತ್ತಿರ ಹೋದರೆ ಸೆರಗನ್ನು ಸುತ್ತಿ ಎಳೆದುಕೊಂಡು, ನನಗೆ ತಾಗದಂತೆ ಅತ್ತ ಸರಿದು ಕೂರುತ್ತಿದ್ದಳು. ಮೊದಲ ದಿನ ಅದು ಸಿಟ್ಟು ಅಂದುಕೊಂಡೆ. ಎರಡನೆಯ ದಿನವೂ ಹಾಗೇ ಅಂದುಕೊಂಡೆ. ಅಟ್ಟಕ್ಕೆ ಹೋಗಲು ಮನಸ್ಸಾಗಲಿಲ್ಲ. ಅತ್ತೆ, "ಬಾರೇ, ನಿನ್ ಕಿವಿ ಚುರುಕು ಅಂತಿದ್ರು ಅಜ್ಜಿ" ಅಂತ ಕರೆದಾಗ ಹೊಟ್ಟೆನೋವು ಅಂದೆ. ಮೇಲ್ ಗಾಡಿ ಹೋಗುವಾಗ ಕಿವಿಗೆ ಬೆರಳು ಇಟ್ಟುಕೊಳ್ಳುತ್ತಿದ್ದೆ.

ಅದೇ ಅವಳ ಕೊನೆಯ ಬೇಸಿಗೆ. ಆ ದೀಪಾವಳಿಗೆ ಮುಂಚೆ ಹೋದಳು. ನಾವು ಶಿವಮೊಗ್ಗೆಯಿಂದ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಾತ ಇನ್ನೂ ಕೆಲವು ವರ್ಷ ಇದ್ದ, ಆಮೇಲೆ ಪಾಲಾಯಿತು, ಮನೆ ಯಾರಿಗೋ ಹೋಯಿತು. ಅದೆಲ್ಲ ಎಲ್ಲರ ಮನೆಯಲ್ಲೂ ಆಗುವಂಥದು. ನನ್ನಲ್ಲಿ ಉಳಿದಿರುವುದು ಆ ರಜದ ಕೊನೆಯ ಮಧ್ಯಾಹ್ನ. ಗಾಡಿ ಕಟ್ಟುತ್ತಿದ್ದರು, ಅವ್ವ ಒಳಗೆ ಗಂಟು ಕಟ್ಟುತ್ತಿದ್ದಳು. ಹೇಗಾದರೂ ಹೇಳಿಯೇ ಹೊರಡಬೇಕು ಅಂತ ನಾನು ಅಜ್ಜಿಯ ಮುಂದೆ ಹೋಗಿ ಕೂತೆ. ಅವಳು ಕಡ್ಡಿ ಕೆಳಗಿಟ್ಟು ಎದ್ದು ಬಾವಿಕಟ್ಟೆಗೆ ಹೋದಳು, ಸ್ವಲ್ಪ ಹೊತ್ತಿಗೆ ಬಂದಳು. ಕೈಯಲ್ಲಿ ಬಾಳೆ ಎಲೆಯ ತುಂಡು, ಅದರ ಮೇಲೆ ಕೊಬ್ಬರಿಯ ಚೂರುಗಳು, ಉಗುರಿನಷ್ಟು ಸಣ್ಣಗೆ ಹೆಚ್ಚಿದ್ದು. ಎಲೆಯನ್ನು ನನ್ನ ಮುಂದೆ ಇಟ್ಟು, ಕೈ ತಾಗಿಸದೆ, ಒಂದು ಕಡ್ಡಿಯಿಂದ ನನ್ನ ಕಡೆ ತಳ್ಳಿದಳು.

ಅವಳಿಗೆ ಕೇಳಬೇಕಾದರೆ ನಾನು ಕೂಗಬೇಕು. ಕೂಗಿದರೆ ಮನೆಗೆಲ್ಲ ಕೇಳುತ್ತದೆ. ತಾತ ಹತ್ತು ಹೆಜ್ಜೆಯಲ್ಲಿದ್ದ. ನಾನು ಕೂಗಲಿಲ್ಲ. ತಲೆ ತಗ್ಗಿಸಿ, ನನಗೇ ಕೇಳುವಷ್ಟು ಮೆಲ್ಲಗೆ, "ಅಜ್ಜಿ, ಆ ಕಾಯಲ್ಲಿ ನೀರಿತ್ತು. ನಾನು ಬೇಕಂತ್ಲೇ ಒಂದ್ಸಲ ಚಿವುಟ್ದೆ" ಅಂದೆ. ತಪ್ಪೊಪ್ಪಿಕೊಂಡಳಂತೆ! ಕಿವುಡಿಯ ಮುಂದೆ ಪಿಸುಗುಟ್ಟಿ ತಪ್ಪೊಪ್ಪಿಕೊಂಡ ಶೂರಳು ನಾನು. ಥೂ ನನ್ನ ಜನ್ಮಕ್ಕೆ.

ಅಜ್ಜಿ ನನ್ನ ತುಟಿ ಅಲುಗಿದ್ದು ನೋಡಿದಳು. ಎಲೆ ನೋಡಿದಳು. ನಾನು ಏನೋ ಕೇಳಿದೆ ಅಂದುಕೊಂಡಳು. ಎರಡೂ ಅಂಗೈ ತಿರುಗಿಸಿ ನನ್ನ ಮುಂದೆ ಹಿಡಿದು ತೋರಿಸಿದಳು. ಇನ್ನೂ ಒದ್ದೆಯಾಗಿದ್ದವು, ತಿಕ್ಕಿ ತಿಕ್ಕಿ ಕೆಂಪಾಗಿದ್ದವು.

"ಚೆನ್ನಾಗಿ ತೊಳ್ದಿದೀನಿ ಮಗಾ," ಅಂದಳು. "ಕೈನೂ ತೊಳ್ದೆ, ಕತ್ತಿನೂ ತೊಳ್ದೆ. ಎಂಜಲಲ್ಲ. ತಿನ್ನವ್ವ."

ಒಂದೊಂದೇ ಚೂರು ಬಾಯಿಗೆ ಹಾಕಿಕೊಂಡೆ. ಅವಳು ನೋಡುತ್ತಾ ಕೂತಿದ್ದಳು. ಕೊಬ್ಬರಿಯನ್ನೂ ಅವಳು ಎಷ್ಟು ತೊಳೆದಿದ್ದಳೆಂದರೆ ಅದರಲ್ಲಿ ಯಾವ ರುಚಿಯೂ ಉಳಿದಿರಲಿಲ್ಲ.